ಮೊದಲೇ ಕಂಡಿದ್ದ ಸೋಲು: ಎರಡು ಮಹಾಯುದ್ಧಗಳ ಒಬ್ಬ ಬ್ರಿಟಿಷ್ ಜನರಲ್‌ನ ಪ್ರಕರಣ

1942ರ ಫೆಬ್ರುವರಿ 15, ಭಾನುವಾರ, ಚೀನೀಯರ ಹೊಸ ವರ್ಷದ ಮೊದಲ ದಿನ. ಅಂದು ಸಂಜೆ ಸಿಂಗಾಪುರದ ಬುಕಿತ್ ತಿಮಾದಲ್ಲಿದ್ದ ಫೋರ್ಡ್ ಮೋಟಾರು ಕಾರ್ಖಾನೆಯ ಒಂದು ಕೋಣೆಯಲ್ಲಿ, ಐವತ್ನಾಲ್ಕು ವರ್ಷದ ಒಬ್ಬ ಬ್ರಿಟಿಷ್ ಲೆಫ್ಟಿನೆಂಟ್ ಜನರಲ್ ಜಪಾನೀಯರಿಗೆ ಶರಣಾಗುವ ಪತ್ರಕ್ಕೆ ಸಹಿ ಹಾಕಿದರು. ಆ ಒಂದು ಸಹಿಯಿಂದ ಸಿಂಗಾಪುರದಲ್ಲೇ ಸುಮಾರು 80,000 ಸೈನಿಕರು ಯುದ್ಧಕೈದಿಗಳಾದರು. ಅದಕ್ಕೆ ಮೊದಲು ಮಲಯಾ ಪರ್ಯಾಯ ದ್ವೀಪದಲ್ಲಿ (ಇಂದಿನ ಮಲೇಷ್ಯಾದ ಭಾಗ) ಸೆರೆಸಿಕ್ಕವರು, ಮಡಿದವರು, ಗಾಯಗೊಂಡವರನ್ನೆಲ್ಲ ಸೇರಿಸಿದರೆ ಎಪ್ಪತ್ತು ದಿನಗಳ ಆ ಕಾಳಗದ ನಷ್ಟ ಇನ್ನೂ ಬಹಳ ದೊಡ್ಡದು. ಬ್ರಿಟಿಷ್ ಸೇನೆಯ ಚರಿತ್ರೆಯಲ್ಲಿ ಇಷ್ಟು ದೊಡ್ಡ ಶರಣಾಗತಿ ಹಿಂದೆ ನಡೆದಿರಲಿಲ್ಲ, ಮುಂದೆಯೂ ನಡೆಯಲಿಲ್ಲ.

ಈ ಬರಹದಲ್ಲಿ ಆ ಅಧಿಕಾರಿಯನ್ನು "ಜನರಲ್" ಎಂದಷ್ಟೇ ಕರೆಯುತ್ತೇನೆ. ಅವರ ಕೈಕೆಳಗೆ ದುಡಿದವರನ್ನೂ ಹುದ್ದೆಯಿಂದಲೇ ಗುರುತಿಸುತ್ತೇನೆ. ಚರಿತ್ರೆ ಓದಿದವರಿಗೆ ಇವರು ಯಾರೆಂದು ಕೂಡಲೇ ಹೊಳೆಯುತ್ತದೆ ಎಂಬುದು ನನಗೂ ಗೊತ್ತು. ಆದರೆ ಈ ಪ್ರಕರಣದಲ್ಲಿ ಹೆಸರು ಹೇಳಿದೊಡನೆ ತೀರ್ಪೂ ಅದರ ಬೆನ್ನಿಗೇ ಬಂದುಬಿಡುತ್ತದೆ, ಮತ್ತು ತೀರ್ಪು ಮೊದಲು ಬಂದರೆ ಯಾವ ಘಳಿಗೆಯಲ್ಲಿ ಯಾವ ನಿರ್ಧಾರ ಆಯಿತು, ಯಾವುದು ಆಗಲಿಲ್ಲ ಎಂದು ನೋಡುವ ವ್ಯವಧಾನ ಓದುಗರಿಗೆ ಉಳಿಯುವುದಿಲ್ಲ. ಇಲ್ಲಿ ನನ್ನನ್ನು ಕಾಡುವ ಪ್ರಶ್ನೆ ಒಂದೇ. ಶತ್ರು ಯಾವ ದಾರಿಯಲ್ಲಿ ಬರುತ್ತಾನೆಂದು ನಾಲ್ಕು ವರ್ಷ ಮೊದಲೇ ಬರೆದುಕೊಟ್ಟಿದ್ದ ಮನುಷ್ಯ, ಅದೇ ದಾರಿಯಲ್ಲಿ ಅದೇ ಶತ್ರು ಬಂದಾಗ ಅದೇ ಜಾಗದಲ್ಲಿ ಸೇನಾಧಿಪತಿಯಾಗಿದ್ದೂ ತಡೆಯಲಾಗಲಿಲ್ಲವೇಕೆ?

ಹಿನ್ನೆಲೆ

ಜನರಲ್ ಸೇನಾ ಮನೆತನದವರಲ್ಲ. 1887ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್‌ನ ಒಂದು ಹಳ್ಳಿಯಲ್ಲಿ ಹುಟ್ಟಿದ ಅವರು ಲಂಡನ್ನಿನಲ್ಲಿ ಕಬ್ಬಿಣದ ಅದಿರಿನ ವ್ಯಾಪಾರಿ ಸಂಸ್ಥೆಯೊಂದರಲ್ಲಿ ಗುಮಾಸ್ತರಾಗಿದ್ದರು. 1914ರ ಆಗಸ್ಟಿನಲ್ಲಿ ಯುದ್ಧ ಘೋಷಣೆಯಾದ ದಿನವೇ, ಇಪ್ಪತ್ತಾರನೆಯ ವಯಸ್ಸಿನಲ್ಲಿ, ಸಾಮಾನ್ಯ ಸಿಪಾಯಿಯಾಗಿ ಹೆಸರು ಬರೆಸಿದರು. ಕೆಲವೇ ವಾರಗಳಲ್ಲಿ ಕಮಿಷನ್, ಅಂದರೆ ಅಧಿಕಾರಿಯ ಹುದ್ದೆ, ಸಿಕ್ಕಿತು. 1916ರಲ್ಲಿ ಬೆಡ್‌ಫರ್ಡ್‌ಶೈರ್ ರೆಜಿಮೆಂಟಿನ ಕ್ಯಾಪ್ಟನ್ ಆಗಿ ಸೋಮ್ ಕದನದಲ್ಲಿ ಹೋರಾಡಿದರು. ಸೆಪ್ಟೆಂಬರಿನಲ್ಲಿ ಶ್ವಾಬೆನ್ ಎಂಬ ಜರ್ಮನ್ ಕೋಟೆನೆಲೆಯ ಮೇಲಿನ ದಾಳಿಯಲ್ಲಿ ತೀವ್ರವಾಗಿ ಗಾಯಗೊಂಡು ಮಿಲಿಟರಿ ಕ್ರಾಸ್ ಪಡೆದರು. 1918ರಲ್ಲಿ, ಮೂವತ್ತರ ಹರೆಯದಲ್ಲಿ, ಅವರು ಒಂದು ಬೆಟಾಲಿಯನ್ನಿನ ಕಮಾಂಡರ್. ಆ ವರ್ಷದ ವಸಂತದಲ್ಲಿ ಜರ್ಮನ್ನರು ಮುನ್ನುಗ್ಗಿ ಬಂದಾಗ ಪ್ರತಿದಾಳಿ ನಡೆಸಿ ಫ್ರೆಂಚ್ ಫಿರಂಗಿ ಪಡೆಯೊಂದು ಶತ್ರುವಿನ ಕೈಸೇರದಂತೆ ಉಳಿಸಿದ್ದಕ್ಕೆ ಫ್ರಾನ್ಸ್ ತನ್ನ ಕ್ರುವಾ ದ ಗೇರ್ ಪದಕ ನೀಡಿತು. ಬ್ರಿಟಿಷ್ ಸೇನೆಯ ಡಿ.ಎಸ್.ಒ. (ಡಿಸ್ಟಿಂಗ್ವಿಶ್ಡ್ ಸರ್ವಿಸ್ ಆರ್ಡರ್) ಗೌರವವೂ ಬಂತು.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಸಿಂಗಾಪುರದ ನಂತರ ಅವರನ್ನು ಅಂಜುಬುರುಕ ಎಂದವರು ಅನೇಕರು. ದಾಖಲೆಯಲ್ಲಿರುವ ಮನುಷ್ಯ ಅಂಥವನಲ್ಲ. ಗುಂಡಿನ ಮಳೆಯಲ್ಲಿ ತಾನೇ ಮುಂದೆ ನಡೆದು ತನ್ನವರನ್ನು ನಡೆಸಿದವರು ಅವರು. ಹಾಗಾಗಿ ಈ ಸೋಲಿಗೆ ಧೈರ್ಯದ ಕೊರತೆಯೇ ಕಾರಣ ಎಂಬ ಸುಲಭದ ಉತ್ತರವನ್ನು ಇಲ್ಲಿಯೇ ಬಿಟ್ಟು ಮುಂದೆ ಹೋಗಬೇಕು.

ಮೊದಲ ಯುದ್ಧ ಮುಗಿದ ಮೇಲೆ ಅವರು ಸೇನೆಯಲ್ಲೇ ಉಳಿದರು. 1919ರಲ್ಲಿ ರಷ್ಯಾದ ಆರ್ಕೇಂಜಲ್‌ನಲ್ಲಿ ಬೊಲ್ಶೆವಿಕರ ವಿರುದ್ಧದ ಕಾರ್ಯಾಚರಣೆ, 1920-21ರಲ್ಲಿ ಐರ್ಲೆಂಡಿನ ಕಾರ್ಕ್ ಪ್ರಾಂತ್ಯದಲ್ಲಿ ಎಸೆಕ್ಸ್ ರೆಜಿಮೆಂಟಿನ ಗುಪ್ತಚರ ಅಧಿಕಾರಿಯ ಕೆಲಸ. ಐರ್ಲೆಂಡಿನಲ್ಲಿ ಬಂಧಿತರನ್ನು ಹಿಂಸಿಸಿದರೆಂಬ ಗಂಭೀರ ಆರೋಪ ಅವರ ಮೇಲಿತ್ತು, ಅಲ್ಲಿನ ಜನ ಅದನ್ನು ಇಂದಿಗೂ ಮರೆತಿಲ್ಲ. ಬಳಿಕ ಸೇನೆಯ ಯೋಜನೆ, ಆಡಳಿತದ ಕೆಲಸ ಕಲಿಸುವ ಕ್ಯಾಂಬರ್ಲಿಯ ಸ್ಟಾಫ್ ಕಾಲೇಜು, ನೈಜೀರಿಯಾ, ಮತ್ತೆ ಸ್ಟಾಫ್ ಕಾಲೇಜಿನಲ್ಲೇ ಬೋಧಕ. ಅಲ್ಲಿ ಮುಖ್ಯಸ್ಥರಾಗಿದ್ದ ಜಾನ್ ಡಿಲ್ ಇವರನ್ನು ಬಹುವಾಗಿ ಮೆಚ್ಚಿಕೊಂಡರು. ಬುದ್ಧಿ ಚುರುಕು, ಕೆಲಸ ಕರಾರುವಾಕ್ಕು, ತೀರ್ಮಾನ ಸಮತೋಲದ್ದು ಎಂಬುದು ಡಿಲ್ ಅವರ ಅಭಿಪ್ರಾಯ. ನೋಡಲು ಮಾತ್ರ ಅಷ್ಟೇನೂ ಪ್ರಭಾವ ಬೀರುವ ವ್ಯಕ್ತಿತ್ವವಲ್ಲ, ಮೊದಲ ಭೇಟಿಯಲ್ಲಿ ಇವರ ಯೋಗ್ಯತೆ ತಿಳಿಯದೆ ಹೋಗಬಹುದು ಎಂದೂ ಅವರು ಗುರುತಿಸಿದ್ದರು. ಎತ್ತರದ ಸಪೂರ ದೇಹ, ಮುಂಚಾಚಿದ ಹಲ್ಲು, ಮೆಲುದನಿ. ಎದುರಿನವರ ಮಾತನ್ನು ಪೂರ್ತಿ ಕೇಳುವ ಸ್ವಭಾವ. ಸ್ಟಾಫ್ ಅಧಿಕಾರಿಗೆ ಇವೆಲ್ಲ ಅಡ್ಡಿಯಲ್ಲ, ಕೆಲವು ಗುಣವೇ ಸರಿ.

1937ರ ವರದಿ

1936ರಲ್ಲಿ ಅವರನ್ನು ಮಲಯಾ ಕಮಾಂಡಿನ ಹಿರಿಯ ಸ್ಟಾಫ್ ಅಧಿಕಾರಿಯಾಗಿ ಸಿಂಗಾಪುರಕ್ಕೆ ಕಳುಹಿಸಲಾಯಿತು. ಆ ದಿನಗಳಲ್ಲಿ ಎಲ್ಲರ ನಂಬಿಕೆ ಏನೆಂದರೆ, ಸಿಂಗಾಪುರದ ಮೇಲೆ ದಾಳಿ ನಡೆದರೆ ಅದು ಸಮುದ್ರದಿಂದ, ದಕ್ಷಿಣದ ಕಡೆಯಿಂದ. ಉತ್ತರಕ್ಕೆ ನೂರಾರು ಮೈಲಿ ಕಾಡು ಇರುವುದರಿಂದ ಬೆನ್ನಿನ ಚಿಂತೆ ಬೇಡ. ಈಶಾನ್ಯ ಮಾರುತ ಬೀಸುವ ತಿಂಗಳುಗಳಲ್ಲಂತೂ ಪೂರ್ವ ಕರಾವಳಿಯಲ್ಲಿ ಯಾರೂ ಇಳಿಯಲಾರರು. ಜನರಲ್ ಮಲಯಾವನ್ನು ಸುತ್ತಾಡಿ ನೋಡಿ, 1937ರಲ್ಲಿ ತಮ್ಮ ಮೇಲಧಿಕಾರಿಗಾಗಿ, ಜಪಾನೀಯರ ಜಾಗದಲ್ಲಿ ತಾವೇ ಕುಳಿತಂತೆ ಯೋಚಿಸಿ ಒಂದು ಟಿಪ್ಪಣಿ ಸಿದ್ಧಪಡಿಸಿದರು. ಜಪಾನೀಯರು ಥಾಯ್ಲೆಂಡಿನ ಸಿಂಗೋರಾ ಮತ್ತು ಪಟಾನಿಯಲ್ಲಿ, ಮಲಯಾದ ಕೋಟ ಬಾರುವಿನಲ್ಲಿ ಇಳಿಯುತ್ತಾರೆ; ಮಾರುತದ ಕಾಲ ಅವರಿಗೆ ಅಡ್ಡಿಯಲ್ಲ, ಮೋಡ ಕವಿದಿರುವುದರಿಂದ ಬದಲಾಗಿ ಅನುಕೂಲ; ಅಲ್ಲಿಂದ ರಸ್ತೆ, ರೈಲು ಹಿಡಿದು ದಕ್ಷಿಣಕ್ಕೆ ಇಳಿಯುತ್ತಾರೆ. ಸಿಂಗಾಪುರವನ್ನು ಉಳಿಸಬೇಕಾದರೆ ಇಡೀ ಮಲಯಾವನ್ನೇ ಕಾಯಬೇಕು ಎಂಬುದು ಅದರ ಸಾರ.

1941ರ ಡಿಸೆಂಬರ್ 8ರಂದು ಜಪಾನೀಯರು ಇಳಿದದ್ದು ಸಿಂಗೋರಾ, ಪಟಾನಿ ಮತ್ತು ಕೋಟ ಬಾರುವಿನಲ್ಲಿ.

ವರದಿ ಬರೆದವರಿಗೆ ಆ ವರದಿಯ ಮೇಲೆ ಹಕ್ಕಿರಲಿಲ್ಲ ಎಂಬುದನ್ನು ಮರೆಯಬಾರದು. ಅದು ಲಂಡನ್ನಿಗೆ ಹೋಯಿತು. ಮಲಯಾದ ದಕ್ಷಿಣ ತುದಿಯ ಜೋಹೋರ್‌ನಲ್ಲಿ ಪಿಲ್‌ಬಾಕ್ಸ್‌ಗಳ (ಗುಂಡು ಹಾರಿಸಲು ಕಿಂಡಿಯಿರುವ ಕಾಂಕ್ರೀಟ್ ಗೂಡುಗಳ) ಸಾಲೊಂದನ್ನು ಕಟ್ಟಲು ಶುರುಮಾಡಿ ನಡುವೆಯೇ ನಿಲ್ಲಿಸಲಾಯಿತು. ವಾಯುಪಡೆ ಮಾತ್ರ ತನ್ನದೇ ಲೆಕ್ಕಾಚಾರದಲ್ಲಿ ಉತ್ತರ ಮತ್ತು ಪೂರ್ವ ಕರಾವಳಿಯಲ್ಲಿ ವಿಮಾನ ನಿಲ್ದಾಣಗಳನ್ನು ಕಟ್ಟಿತು, ಅವನ್ನು ಭೂಸೇನೆ ಹೇಗೆ ಕಾಯುತ್ತದೆಂದು ಸರಿಯಾಗಿ ಕೇಳಲೂ ಇಲ್ಲ. ಆ ನಿಲ್ದಾಣಗಳಲ್ಲಿ ಇಳಿಸಲು ವಿಮಾನಗಳೇ ಬರಲಿಲ್ಲ: ಲಂಡನ್ನಿನ ಸೇನಾ ಮುಖ್ಯಸ್ಥರೇ 336 ವಿಮಾನ ಬೇಕೆಂದು ಒಪ್ಪಿದ್ದರೂ ಯುದ್ಧ ಶುರುವಾದಾಗ ಮುಂಚೂಣಿಯಲ್ಲಿದ್ದವು 158. ಆದರೂ ನಿಲ್ದಾಣಗಳು ಶತ್ರುವಿನ ಕೈಗೆ ಸಿಗಬಾರದೆಂದು ಭೂಸೇನೆಯ ಬ್ರಿಗೇಡುಗಳನ್ನು ಅಲ್ಲಲ್ಲಿ ಚದುರಿಸಿ ಇಡಬೇಕಾಯಿತು.

ಸಮಸ್ಯೆ

1941ರ ವಸಂತದಲ್ಲಿ, ಆಗ ಸೇನಾ ಮುಖ್ಯಸ್ಥರಾಗಿದ್ದ ಡಿಲ್, ಇವರನ್ನು ಮಲಯಾದ ಜನರಲ್ ಆಫೀಸರ್ ಕಮಾಂಡಿಂಗ್ ಆಗಿ ಆರಿಸಿದರು. ದೇಶ ಬಲ್ಲವರು, ಅಪಾಯ ಬಲ್ಲವರು. ಕಾಗದದ ಮೇಲೆ ಇದಕ್ಕಿಂತ ತಕ್ಕ ಆಯ್ಕೆ ಇರಲಿಲ್ಲ. ಕೋರ್ ಮಟ್ಟದ, ಅಂದರೆ ಹಲವು ಡಿವಿಷನ್ನುಗಳು ಸೇರಿದ, ಪಡೆಯನ್ನು ಯುದ್ಧದಲ್ಲಿ ನಡೆಸಿದ ಅನುಭವ ಅವರಿಗೆ ಇರಲಿಲ್ಲವೆಂಬುದು ಮಾತ್ರ ಯಾರಿಗೂ ದೊಡ್ಡ ಕೊರತೆಯಾಗಿ ಕಾಣಲಿಲ್ಲ.

ಅವರು ಬಂದು ನೋಡಿದಾಗ ಸಿಕ್ಕಿದ್ದು ಹೀಗಿತ್ತು. ಆಗಸ್ಟಿನಲ್ಲಿ ಅವರು 48 ಕಾಲಾಳು ಬೆಟಾಲಿಯನ್ ಮತ್ತು ಟ್ಯಾಂಕ್ ಪಡೆ ಕೇಳಿದರು. ಅಷ್ಟು ಬೆಟಾಲಿಯನ್ ಬರಲಿಲ್ಲ, ಟ್ಯಾಂಕ್ ಒಂದೂ ಬರಲಿಲ್ಲ. ಪಡೆಯ ಬೆನ್ನೆಲುಬು ಭಾರತೀಯ ಬೆಟಾಲಿಯನ್ನುಗಳು. ಆದರೆ ಭಾರತೀಯ ಸೇನೆ ಒಂದೇ ಸಮನೆ ಹಿಗ್ಗುತ್ತಿದ್ದ ಕಾಲವದು, ಹಳೆಯ ರೆಜಿಮೆಂಟುಗಳಿಂದ ನುರಿತ ಸುಬೇದಾರರನ್ನೂ ಹವಾಲ್ದಾರರನ್ನೂ ತೆಗೆದು ಹೊಸ ಬೆಟಾಲಿಯನ್ನುಗಳಿಗೆ ಕೊಡಲಾಗಿತ್ತು, ಉಳಿದವರಲ್ಲಿ ಹದಿಹರೆಯದ ಹೊಸಬರೇ ಹೆಚ್ಚು. ಅವರಲ್ಲಿ ಬಹಳ ಮಂದಿ ಟ್ಯಾಂಕ್ ಎಂಬುದನ್ನು ಕಣ್ಣಾರೆ ಕಂಡೇ ಇರಲಿಲ್ಲ. ಸಂಸ್ಥಾನಗಳ ಪಡೆಗಳೂ ಇದ್ದವು. ನಮ್ಮ ಮೈಸೂರು ಸಂಸ್ಥಾನದ ಒಂದು ಇನ್‌ಫಂಟ್ರಿ ಬೆಟಾಲಿಯನ್ ಅವುಗಳಲ್ಲೊಂದು.

ಅಧಿಕಾರದ ಹಂಚಿಕೆಯೂ ಹಾಗೆಯೇ ಚೂರುಚೂರು. ದೂರಪ್ರಾಚ್ಯದ ಮಹಾದಂಡನಾಯಕರು ಮೇಲೆ, ನೌಕಾಪಡೆಯದ್ದು ಬೇರೆಯೇ ದಾರಿ, ನಾಗರಿಕ ಆಡಳಿತ ಗವರ್ನರ್ ಕೈಯಲ್ಲಿ. ರಕ್ಷಣಾ ಕಾಮಗಾರಿಗೆ ಕೂಲಿಗಳು ಬೇಕೆಂದರೆ ಲಂಡನ್ ಗೊತ್ತುಮಾಡಿದ ಕೂಲಿದರ ರಬ್ಬರ್ ತೋಟದ ದರಕ್ಕಿಂತ ಕಡಿಮೆ, ಹಾಗಾಗಿ ಕೆಲಸಕ್ಕೆ ಜನ ಬರುತ್ತಿರಲಿಲ್ಲ. ಯುರೋಪಿನ ಯುದ್ಧಕ್ಕೆ ರಬ್ಬರು ತವರ ಒದಗಿಸುವುದೇ ಮಲಯಾದ ಮೊದಲ ಕರ್ತವ್ಯ ಎಂಬುದು ಸರಕಾರದ ಆದೇಶವಾಗಿತ್ತು.

ಇನ್ನು ಕೈಕೆಳಗಿನವರು. ಭಾರತೀಯ ಕೋರ್‌ನ ಕಮಾಂಡರ್ ಎರಿಟ್ರಿಯಾದಲ್ಲಿ ಗೆದ್ದು ಬಂದವರು, ಹಿಂದೆ ಜನರಲ್‌ಗಿಂತ ಸೇವೆಯಲ್ಲಿ ಹಿರಿಯರು, ಈಗ ಅವರ ಅಧೀನ. ಆಸ್ಟ್ರೇಲಿಯಾದ ಡಿವಿಷನ್ನಿನ ಕಮಾಂಡರ್ ಬಿರುನುಡಿಯವರು, ತಮ್ಮ ಸರಕಾರಕ್ಕೆ ನೇರವಾಗಿ ದೂರು ಕೊಡುವ ಹಕ್ಕಿದ್ದವರು. ಇವರಿಬ್ಬರಿಗೂ ಪರಸ್ಪರ ಆಗುತ್ತಿರಲಿಲ್ಲ. ಬೆಟಾಲಿಯನ್ ಕಮಾಂಡರನೊಬ್ಬ ತನ್ನ ನೆಲವನ್ನು ಕಣ್ಣಿಂದ ನೋಡಿ, ತನ್ನ ಕಂಪನಿ ಕಮಾಂಡರುಗಳಿಗೆ ಕೈತೋರಿಸಿ ಆಜ್ಞೆ ಕೊಡಬಲ್ಲ. ಇಲ್ಲಿ ಹಾಗಲ್ಲ. ತನಗಿಂತ ಹೆಚ್ಚು ದನಿಯಿರುವವರ ಮಾತನ್ನು ತಳ್ಳಿಹಾಕಿ ತನ್ನ ಮಾತನ್ನು ನಡೆಸಬೇಕು. 1918ರ ಶೌರ್ಯ ಈ ಕೆಲಸಕ್ಕೆ ನೆರವಾಗುವಂಥದ್ದಲ್ಲ.

ಕಾದು ಕುಳಿತ ಡಿವಿಷನ್

ಮೊದಲ ತಿರುವು ಜನರಲ್ ಕೈಯಲ್ಲಿ ಪೂರ್ತಿ ಇರಲಿಲ್ಲ. ಜಪಾನೀಯರು ಇಳಿಯುವ ಮುನ್ನವೇ ಥಾಯ್ಲೆಂಡಿಗೆ ನುಗ್ಗಿ ಸಿಂಗೋರಾವನ್ನು ಹಿಡಿಯುವ ಯೋಜನೆಯೊಂದಿತ್ತು, ಹೆಸರು "ಮ್ಯಾಟಡೋರ್". 11ನೇ ಭಾರತೀಯ ಡಿವಿಷನ್ ಅದಕ್ಕಾಗಿ ಗಡಿಯಲ್ಲಿ ಸಜ್ಜಾಗಿ ನಿಂತಿತ್ತು; ಯೋಜನೆ ರದ್ದಾದರೆ ಜಿತ್ರಾ ಎಂಬಲ್ಲಿ ರಕ್ಷಣೆಗೆ ನಿಲ್ಲುವುದೂ ಅದೇ ಡಿವಿಷನ್ನಿನ ಹೊಣೆ. ಡಿಸೆಂಬರ್ 6ರಂದು ಜಪಾನೀ ಹಡಗುಗಳ ಸಾಲು ಕಣ್ಣಿಗೆ ಬಿತ್ತು. ತಟಸ್ಥ ದೇಶದ ಗಡಿ ದಾಟಿದ ಅಪವಾದ ತನಗೆ ಬರಬಾರದೆಂದು ಮಹಾದಂಡನಾಯಕರು ಕಾದರು. ಯೋಜನೆ ಕೈಬಿಟ್ಟ ಮಾತು ಗಡಿಯನ್ನು ಮುಟ್ಟಿದ್ದು 8ರ ಮಧ್ಯಾಹ್ನ, ಶತ್ರು ಇಳಿದು ಗಂಟೆಗಟ್ಟಲೆ ಆದ ಮೇಲೆ. ಎರಡು ದಿನ ಮಳೆಯಲ್ಲಿ ನೆನೆಯುತ್ತ ಮುನ್ನುಗ್ಗಲು ಕಾದಿದ್ದ ಸೈನಿಕರು ಈಗ ಹಿಂದೆ ತಿರುಗಿ, ನೀರು ತುಂಬಿದ್ದ ಅರೆಬರೆ ಕಂದಕಗಳಿಗೆ ಇಳಿದು ತಂತಿ ಎಳೆಯಬೇಕಾಯಿತು. 10ರಂದು ಪ್ರಿನ್ಸ್ ಆಫ್ ವೇಲ್ಸ್ ಮತ್ತು ರಿಪಲ್ಸ್ ಯುದ್ಧನೌಕೆಗಳು ಜಪಾನೀ ವಿಮಾನಗಳ ದಾಳಿಗೆ ಮುಳುಗಿದವು. 11 ಮತ್ತು 12ರಂದು ಜಿತ್ರಾದಲ್ಲಿ ಸುಮಾರು ಐನೂರು ಜನರ ಒಂದು ಜಪಾನೀ ಮುಂಗಾವಲು ಪಡೆ, ಕೆಲವು ಟ್ಯಾಂಕುಗಳೊಡನೆ, ಇಡೀ ಡಿವಿಷನ್ನನ್ನೇ ಅಲ್ಲಾಡಿಸಿ ಹಿಮ್ಮೆಟ್ಟಿಸಿತು.

ಎರಡು ಕೆಲಸವನ್ನು ಒಬ್ಬನಿಗೇ ವಹಿಸಿ, ಯಾವುದನ್ನು ಮಾಡಬೇಕೆಂದು ಕೊನೆಯ ಘಳಿಗೆಯವರೆಗೆ ಹೇಳದೆ ಇದ್ದರೆ ಎರಡೂ ಕೆಡುತ್ತವೆ. ಮ್ಯಾಟಡೋರ್ ಬೇಡವೆಂದು ಮೊದಲೇ ಗಟ್ಟಿಯಾಗಿ ಹೇಳಿ ಜಿತ್ರಾವನ್ನು ಭದ್ರಪಡಿಸಿಕೊಳ್ಳಲು ಜನರಲ್‌ಗೆ ಅವಕಾಶವಿತ್ತು ಎಂದು ನನಗನಿಸುತ್ತದೆ. ಅವರು ಮೇಲಿನವರ ನಿರ್ಣಯಕ್ಕೆ ಕಾದರು.

ಡಿಸೆಂಬರ್ 26ರ ರಾತ್ರಿ

ಈ ಪ್ರಕರಣದ ನಡುಗಂಬ ನನ್ನ ಪ್ರಕಾರ ಯಾವ ಕದನವೂ ಅಲ್ಲ, ಒಂದು ತಡರಾತ್ರಿಯ ಮಾತುಕತೆ.

ಮಲಯಾ ಕಮಾಂಡಿನ ಮುಖ್ಯ ಎಂಜಿನಿಯರ್ ಒಬ್ಬ ಬ್ರಿಗೇಡಿಯರ್. ರಕ್ಷಣಾ ಕಟ್ಟಡಗಳಲ್ಲಿ ಪಳಗಿದ ಮನುಷ್ಯ, ಅದಕ್ಕಾಗಿಯೇ 1941ರಲ್ಲಿ ಇಂಗ್ಲೆಂಡಿನಿಂದ ಬಂದವರು. ಟ್ಯಾಂಕುಗಳನ್ನು ತಡೆಯುವುದು ಹೇಗೆಂದು ಯುದ್ಧ ಇಲಾಖೆ ಅಚ್ಚು ಹಾಕಿಸಿ ಕಳುಹಿಸಿದ್ದ ಕೈಪಿಡಿಗಳು ಪಡೆಗಳಿಗೆ ಹಂಚಿಕೆಯಾಗದೆ ಸಿಂಗಾಪುರದ ಕಚೇರಿಯ ಬೀರುವಿನಲ್ಲಿ ಕಟ್ಟುಕಟ್ಟಾಗಿ ಬಿದ್ದಿರುವುದನ್ನು ಅವರು ಕಂಡಿದ್ದರು. ಡಿಸೆಂಬರ್ 26ರಂದು, ಮುಂಚೂಣಿಯಿಂದ ದಿನವಿಡೀ ಪ್ರಯಾಣಿಸಿ, ನಡುರಾತ್ರಿ ಸಮೀಪಿಸುತ್ತಿದ್ದಾಗ ಅವರು ಜನರಲ್ ಮನೆಗೆ ಬಂದರು. ಸಿಂಗಾಪುರ ದ್ವೀಪದ ಉತ್ತರ ದಂಡೆ ಬರಿದಾಗಿದೆ. ಮುಳ್ಳುತಂತಿ, ನೆಲಬಾಂಬು, ನೀರೊಳಗಿನ ಅಡೆತಡೆ, ಟ್ಯಾಂಕ್ ತಡೆಗಳನ್ನು ಈಗಲೇ ಹಾಕಬೇಕು. ಸಾಮಗ್ರಿಯಿದೆ, ಜನರನ್ನು ಒದಗಿಸಬಹುದು, ಅಪ್ಪಣೆ ಮಾತ್ರ ಬೇಕು ಎಂದು ಅವರು ಬಹಳ ಹೊತ್ತು ವಾದಿಸಿದರು, ಬೇಡಿಕೊಂಡರು. ಕೊನೆಗೆ ಬೇಡವೆನ್ನಲು ಕಾರಣವೇನೆಂದು ಕೇಳಿದಾಗ, ಎಂಜಿನಿಯರ್ ಆಮೇಲೆ ಬರೆದಿಟ್ಟ ಪ್ರಕಾರ, ಅಂಥ ರಕ್ಷಣಾ ಕಾಮಗಾರಿಗಳು ಸೈನಿಕರ ಮತ್ತು ನಾಗರಿಕರ ಮನೋಬಲಕ್ಕೆ ಕೆಟ್ಟದ್ದು ಎಂದು ಜನರಲ್ ಉತ್ತರಿಸಿದರು.

ಈ ಉತ್ತರವನ್ನು ಹಾಸ್ಯಾಸ್ಪದವೆಂದು ತಳ್ಳಿಬಿಡುವುದು ಸುಲಭ. ಅದರ ಹಿಂದೊಂದು ತರ್ಕವಿತ್ತು: ಮುಂದೆ ಹೋರಾಡುತ್ತಿರುವ ಸೈನಿಕನಿಗೆ ತನ್ನ ಬೆನ್ನಹಿಂದೆ ಭದ್ರ ನೆಲೆಯೊಂದು ಸಿದ್ಧವಾಗುತ್ತಿದೆ ಎಂದು ಗೊತ್ತಾದರೆ ಅವನ ಕಾಲು ಹಿಂದಕ್ಕೇ ಎಳೆಯುತ್ತದೆ. ಜೊತೆಗೆ ಜನರಲ್ ಕಾಯಬೇಕಾಗಿದ್ದದ್ದು ದ್ವೀಪದ ಉತ್ತರ ದಂಡೆಯಲ್ಲೇ ಇದ್ದ ನೌಕಾನೆಲೆಯನ್ನು. ಶತ್ರು ಎದುರು ದಡಕ್ಕೆ ಬಂದುನಿಂತನೆಂದರೆ ನೌಕಾನೆಲೆ ಕೆಲಸಕ್ಕೆ ಬಾರದು, ಆಮೇಲೆ ದಂಡೆಗೆ ತಂತಿ ಹಾಕಿ ಫಲವೇನು? ಇಂಗ್ಲೆಂಡಿನ 18ನೇ ಡಿವಿಷನ್ ಬರುವವರೆಗೆ ಶತ್ರುವನ್ನು ದೂರದಲ್ಲೇ ತಡೆಯುವುದೇ ಅವರ ಲೆಕ್ಕಾಚಾರದ ತಿರುಳು. ತರ್ಕದಲ್ಲಿ ಬಿರುಕಿಲ್ಲ, ನೆಲದ ಮೇಲೆ ನಡೆಯುತ್ತಿದ್ದದ್ದು ಮಾತ್ರ ಬೇರೆ. ಅಷ್ಟರಲ್ಲಿ ಪಡೆ ಎರಡು ವಾರಗಳಿಂದ ಹಿಂದೆ ಸರಿಯುತ್ತಲೇ ಇತ್ತು, ಅದೂ ಬೆನ್ನಹಿಂದೆ ಯಾವ ಕೋಟೆಯೂ ಇಲ್ಲದೆ. ಮನೋಬಲ ಕುಸಿದದ್ದು ಕಂದಕ ತೋಡಿದ್ದರಿಂದಲ್ಲ, ಕಂದಕವೇ ಇಲ್ಲದ ಕಡೆಯಲ್ಲಿ ಟ್ಯಾಂಕು ಬಂದದ್ದರಿಂದ.

ಅದಾಗಿ ಹನ್ನೆರಡು ದಿನಕ್ಕೆ, 1942ರ ಜನವರಿ 7ರ ಬೆಳಗಿನ ಜಾವ, ಸ್ಲಿಮ್ ನದಿಯ ಬಳಿ ಸುಮಾರು ಮೂವತ್ತು ಜಪಾನೀ ಟ್ಯಾಂಕುಗಳು ಹೆದ್ದಾರಿ ಹಿಡಿದು ಬಂದು 11ನೇ ಭಾರತೀಯ ಡಿವಿಷನ್ನಿನ ಎರಡು ಬ್ರಿಗೇಡುಗಳನ್ನು ಸೀಳಿ ಹಾಕಿದವು; ಸೇತುವೆ ಹಾರಿಸಲೂ ಸಮಯ ಸಿಗಲಿಲ್ಲ. ರಸ್ತೆಗೆ ಅಡ್ಡವಾಗಿ ಹಾಕಬೇಕಾದ ಕಾಂಕ್ರೀಟ್ ತಡೆಗಳನ್ನೇ ಎಂಜಿನಿಯರ್ ತಿಂಗಳುಗಳಿಂದ ಕೇಳುತ್ತಿದ್ದದ್ದು. ಜನವರಿ ಮಧ್ಯದಲ್ಲಿ ಹೊಸ ಮಹಾದಂಡನಾಯಕ ವೇವೆಲ್, ದ್ವೀಪದ ಉತ್ತರ ದಂಡೆಯಲ್ಲಿ ರಕ್ಷಣೆಯೆಂಬುದೇ ಇಲ್ಲವೆಂದು ಲಂಡನ್ನಿಗೆ ತಿಳಿಸಿದಾಗ ಪ್ರಧಾನಿ ಚರ್ಚಿಲ್ ದಂಗಾದರು. ಕೋಟೆ ಎಂದು ಎಲ್ಲರೂ ನಂಬಿದ್ದ ಸಿಂಗಾಪುರಕ್ಕೆ ಹಿಂಬದಿಯ ಗೋಡೆಯೇ ಇರಲಿಲ್ಲ. ದೊಡ್ಡ ತೋಪುಗಳು ಸಮುದ್ರಕ್ಕೆ ಮಾತ್ರ ಮುಖಮಾಡಿದ್ದವು ಎಂಬ ಪ್ರಸಿದ್ಧ ಕಥೆ ಅರೆಸತ್ಯ; ಹಲವು ತೋಪುಗಳನ್ನು ಉತ್ತರಕ್ಕೆ ತಿರುಗಿಸಲು ಬರುತ್ತಿತ್ತು, ಆದರೆ ಅವಕ್ಕಿದ್ದ ಗುಂಡುಗಳಲ್ಲಿ ಹೆಚ್ಚಿನವು ಹಡಗಿನ ಉಕ್ಕನ್ನು ಸೀಳುವಂಥವು, ಕಾಲಾಳುಗಳ ಮೇಲೆ ಅವು ಅಷ್ಟಾಗಿ ಕೆಲಸ ಮಾಡುವುದಿಲ್ಲ.

ದ್ವೀಪದ ಮೇಲೆ ಎಂಟು ದಿನ

ಜನವರಿ 31ರಂದು ಕೊನೆಯ ಪಡೆಗಳು ದಾಟಿದ ಮೇಲೆ, ದ್ವೀಪವನ್ನು ಮಲಯಾಕ್ಕೆ ಜೋಡಿಸಿದ್ದ ಜೋಹೋರ್ ಕಾಸ್‌ವೇಯನ್ನು ಸಿಡಿಸಲಾಯಿತು. ಅದರೊಡನೆ ಮಲಯಾದಿಂದ ನೀರು ತರುತ್ತಿದ್ದ ಕೊಳವೆಯೂ ಹೋಯಿತು. ದ್ವೀಪದಲ್ಲಿ ಸುಮಾರು 85,000 ಸೈನಿಕರು, ಅವರಲ್ಲಿ ಅನೇಕರು ಹೋರಾಡುವವರಲ್ಲ. ಎದುರಿಗೆ ಜಪಾನೀ ಜನರಲ್ ಯಮಾಶಿತಾ ನಡೆಸುತ್ತಿದ್ದ ಪಡೆ ಅದರ ಅರ್ಧಕ್ಕಿಂತ ಕಡಿಮೆ.

ಜಪಾನೀಯರು ವಾಯವ್ಯದಲ್ಲಿ ದಾಟುತ್ತಾರೆಂದು ವೇವೆಲ್ ಅಂದಾಜಿಸಿದರು. ಈಶಾನ್ಯದಲ್ಲಿ ಎಂದು ಜನರಲ್. ಹೊಸದಾಗಿ ಬಂದಿದ್ದ 18ನೇ ಡಿವಿಷನ್ನನ್ನು ಅವರು ಈಶಾನ್ಯಕ್ಕೆ ಹಾಕಿದರು. ವಾಯವ್ಯದ ಉದ್ದನೆಯ ಕಾಂಡ್ಲಾ ಕಾಡಿನ ದಂಡೆ ಒಂದೇ ಒಂದು ಆಸ್ಟ್ರೇಲಿಯನ್ ಬ್ರಿಗೇಡಿನ ಮೂರು ಬೆಟಾಲಿಯನ್ನುಗಳ ಪಾಲಾಯಿತು. ಎಲ್ಲ ದಂಡೆಯನ್ನೂ ಸ್ವಲ್ಪಸ್ವಲ್ಪ ಕಾಯುವ ಏರ್ಪಾಡು. ಎಲ್ಲಿ ಒಡೆದರೂ ಅಲ್ಲಿಗೆ ನುಗ್ಗಿಸಲು ಬಲವಾದ ಮೀಸಲು ಪಡೆ ಇಲ್ಲ. ಇಲ್ಲಿ ನನಗೆ ಕಾಣುವುದು ಸ್ಟಾಫ್ ಅಧಿಕಾರಿಯ ಮನಸ್ಸು. ಯಾವ ಸಾಧ್ಯತೆಯನ್ನೂ ಬಿಡದೆ ಪಟ್ಟಿ ಮಾಡಿ ಪ್ರತಿಯೊಂದಕ್ಕೂ ಇಷ್ಟಿಷ್ಟು ಎಂದು ಹಂಚುವ ಮನಸ್ಸು ಅದು; ವರದಿ ಬರೆಯುವಾಗ ದೊಡ್ಡ ಗುಣ. ಕಮಾಂಡರ್ ಆದವನು ಒಂದು ಸಾಧ್ಯತೆಯ ಮೇಲೆ ಪಣವೊಡ್ಡಿ ಉಳಿದವನ್ನು ಬರಿದಾಗಿ ಬಿಡುವ ಎದೆಗಾರಿಕೆ ತೋರಬೇಕು. 1937ರಲ್ಲಿ ಶತ್ರುವಿನ ಕುರ್ಚಿಯಲ್ಲಿ ಕುಳಿತು ಅಷ್ಟು ಸ್ಪಷ್ಟವಾಗಿ ಯೋಚಿಸಿದವರು 1942ರಲ್ಲಿ ತಮ್ಮದೇ ಕುರ್ಚಿಯಲ್ಲಿ ಕುಳಿತು ಹಾಗೆ ಯೋಚಿಸಲಿಲ್ಲ.

ಫೆಬ್ರುವರಿ 7ರಂದು ಜಪಾನೀಯರು ಈಶಾನ್ಯದ ಪುಲಾವ್ ಉಬಿನ್ ದ್ವೀಪವನ್ನು ಹಿಡಿದು ಅಲ್ಲಿಯೇ ದಾಟುವವರಂತೆ ನಟಿಸಿದರು. 8ರ ರಾತ್ರಿ ಅವರ ಎರಡು ಡಿವಿಷನ್ನುಗಳು ವಾಯವ್ಯದಲ್ಲಿ ದಾಟಿದವು. ದಿನವಿಡೀ ನಡೆದ ಫಿರಂಗಿ ದಾಳಿಗೆ ದೂರವಾಣಿ ತಂತಿಗಳು ತುಂಡಾಗಿದ್ದವು, ದಂಡೆಯ ಶೋಧದೀಪಗಳು ಬೆಳಗಲೇ ಇಲ್ಲ.

ಮುಂದಿನದ್ದು ಈ ಪ್ರಕರಣದಲ್ಲಿ ಎಲ್ಲರೂ ಗಮನಿಸಬೇಕಾದ ಘಟನೆ. ದ್ವೀಪದ ಪಶ್ಚಿಮದಲ್ಲಿ ಕ್ರಾಂಜಿ ಮತ್ತು ಜುರಾಂಗ್ ನದಿಗಳ ನೆತ್ತಿಯ ನಡುವೆ ಕೆಲವೇ ಕಿಲೋಮೀಟರುಗಳ ಕಿರಿದಾದ ನೆಲವಿದೆ. ಶತ್ರುವನ್ನು ತಡೆಯಲು ಉಳಿದಿದ್ದ ಒಳ್ಳೆಯ ಜಾಗ ಅದೊಂದೇ. 9ರ ನಡುರಾತ್ರಿ ಕಳೆದ ಮೇಲೆ ಜನರಲ್ ತಮ್ಮ ಹಿರಿಯ ಕಮಾಂಡರುಗಳಿಗೆ ಒಂದು ಗುಪ್ತ ಸೂಚನೆ ಕಳುಹಿಸಿದರು: ಒಂದು ವೇಳೆ ಆ ರೇಖೆ ಉಳಿಯದಿದ್ದರೆ ನಗರದ ಸುತ್ತ ಯಾವ ವೃತ್ತಕ್ಕೆ ಹಿಂದೆ ಸರಿಯಬೇಕೆಂಬ ಮುಂಜಾಗ್ರತೆಯ ಯೋಜನೆ ಅದು. ಮೇಲಿನವರಿಗೆಂದೇ ಬರೆದದ್ದು. ಆಸ್ಟ್ರೇಲಿಯನ್ ಕಮಾಂಡರ್ ಅದನ್ನು ತಮ್ಮ ಬ್ರಿಗೇಡಿಯರುಗಳಿಗೂ ದಾಟಿಸಿದರು. ಎರಡು ರಾತ್ರಿ ನಿದ್ದೆಯಿಲ್ಲದ ಒಬ್ಬ ಬ್ರಿಗೇಡಿಯರ್ ಅದನ್ನು ಓದಿ, ಈಗಲೇ ಸರಿಯಬೇಕೆಂಬ ಆಜ್ಞೆಯೆಂದು ತಿಳಿದು ತನ್ನ ಪಡೆಯನ್ನು ಹಿಂದೆ ಕರೆದುಕೊಂಡರು. ರೇಖೆಯಲ್ಲಿ ತೂತು ಬಿತ್ತು. ಹತ್ತಿರದ ಪಡೆಗಳೂ ಸರಿದವು. ಗಟ್ಟಿಯಾದ ಹೋರಾಟವೇ ಇಲ್ಲದೆ ಕ್ರಾಂಜಿ-ಜುರಾಂಗ್ ರೇಖೆ ಕೈತಪ್ಪಿತು. ಯೋಜನೆಯಲ್ಲಿ ತಪ್ಪಿರಲಿಲ್ಲ. ಆದರೆ ದಣಿದ ಮನುಷ್ಯ, ಕತ್ತಲಲ್ಲಿ, ಟಾರ್ಚಿನ ಬೆಳಕಿನಲ್ಲಿ ಓದುವ ಕಾಗದದಲ್ಲಿ "ಒಂದು ವೇಳೆ" ಎಂಬ ಮಾತಿಗೆ ನಿಲ್ಲುವ ಬಲವಿರುವುದಿಲ್ಲ. ಕಚೇರಿಯಲ್ಲಾಗಲಿ ಆಸ್ಪತ್ರೆಯಲ್ಲಾಗಲಿ ತುರ್ತಿನಲ್ಲಿ ಸೂಚನೆ ಬರೆಯುವ ಯಾರೇ ಆದರೂ ಈ ಕಾಗದವನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ನನ್ನ ಆಸೆ.

10ರಂದು ವೇವೆಲ್ ಬಂದು, ಕೊನೆಯವರೆಗೂ ಹೋರಾಡಬೇಕೆಂಬ ಚರ್ಚಿಲ್ ಆಣತಿಯನ್ನು ಮುಟ್ಟಿಸಿ ಹೋದರು. ಮರುದಿನದ ಹೊತ್ತಿಗೆ ಬುಕಿತ್ ತಿಮಾ, ಅದರೊಡನೆ ಆಹಾರ ಮತ್ತು ಇಂಧನದ ದಾಸ್ತಾನು, ಶತ್ರುವಿನ ಪಾಲಾಯಿತು. ನಗರದಲ್ಲಿ ಕಿಕ್ಕಿರಿದಿದ್ದ ಜನ ಸುಮಾರು ಹತ್ತು ಲಕ್ಷ. ಬಾಂಬಿಗೆ ಕೊಳವೆಗಳು ಒಡೆದು ನೀರು ಬೀದಿಯಲ್ಲಿ ಹರಿದುಹೋಗುತ್ತಿತ್ತು. 14ರಂದು ಅಲೆಕ್ಸಾಂಡ್ರಾ ಆಸ್ಪತ್ರೆಗೆ ನುಗ್ಗಿದ ಜಪಾನೀ ಸೈನಿಕರು ರೋಗಿಗಳನ್ನೂ ಸಿಬ್ಬಂದಿಯನ್ನೂ ಕೊಂದರು.

15ರ ಬೆಳಿಗ್ಗೆ ಫೋರ್ಟ್ ಕ್ಯಾನಿಂಗ್ ಗುಡ್ಡದ ನೆಲಮಾಳಿಗೆಯಲ್ಲಿ ಸಭೆ. ಬುಕಿತ್ ತಿಮಾದ ದಾಸ್ತಾನು ಮತ್ತು ಜಲಾಶಯಗಳನ್ನು ಮರಳಿ ಹಿಡಿಯಲು ಈಗಲೇ ಪ್ರತಿದಾಳಿ, ಇಲ್ಲವೇ ಶರಣಾಗತಿ. ಎರಡೇ ದಾರಿ ಎಂದು ಜನರಲ್ ಮುಂದಿಟ್ಟರು. ಪ್ರತಿದಾಳಿ ಸಾಧ್ಯವೆಂದು ಕಮಾಂಡರುಗಳಲ್ಲಿ ಯಾರೂ ಹೇಳಲಿಲ್ಲ. ಸಂಜೆ ಬಿಳಿ ಬಾವುಟವೂ ಯೂನಿಯನ್ ಜ್ಯಾಕೂ ಹಿಡಿದ ಅಧಿಕಾರಿಗಳೊಡನೆ, ದೊಗಲೆ ಖಾಕಿ ಚಡ್ಡಿ ತೊಟ್ಟು, ಅವರು ಕಾರ್ಖಾನೆಗೆ ನಡೆದರು. ಮಾತುಕತೆ ಎಳೆಯಲು ನೋಡಿದಾಗ ಯಮಾಶಿತಾ ಹೌದೋ ಅಲ್ಲವೋ ಎಂದು ಒತ್ತಾಯಿಸಿದರು. ತಮ್ಮ ಸೈನಿಕರು ಎಷ್ಟು ಕಡಿಮೆ, ಗುಂಡುಮದ್ದು ಎಷ್ಟು ತೀರಿದೆ ಎಂಬುದು ಬ್ರಿಟಿಷರಿಗೆ ತಿಳಿದೀತೆಂಬ ಅಳುಕು ತಮಗಿತ್ತು ಎಂದು ಯಮಾಶಿತಾ ಆಮೇಲೆ ಒಪ್ಪಿಕೊಂಡರು. ಆರು ಗಂಟೆ ದಾಟಿದ ಮೇಲೆ ಸಹಿ ಬಿತ್ತು.

ಆ ಹೊತ್ತಿಗೆ ಹೋರಾಟ ಮುಂದುವರಿದಿದ್ದರೆ ನೀರಿಲ್ಲದ ನಗರದ ಬೀದಿಬೀದಿಯಲ್ಲಿ ಹತ್ತು ಲಕ್ಷ ನಾಗರಿಕರ ನಡುವೆ ಕಾಳಗ ನಡೆಯುತ್ತಿತ್ತು. ಹಾಗಾಗಿ ಆ ಕೊನೆಯ ಸಹಿಯನ್ನು ನಾನು ತಪ್ಪೆನ್ನಲಾರೆ. ಇಡೀ ವೃತ್ತಿಯಲ್ಲಿ ಜನರಿಗೆ ಅದೊಂದೇ ನೆನಪಿರುವುದು. ನನ್ನ ಎಣಿಕೆಯಲ್ಲಿ ಅವರ ಅತ್ಯಂತ ಸಮರ್ಥನೀಯ ನಿರ್ಧಾರಗಳಲ್ಲಿ ಅದೂ ಒಂದು. ಸೋಲಿನ ಬೇರುಗಳಿರುವುದು ಅದಕ್ಕೂ ಮೊದಲು ತೆಗೆದುಕೊಳ್ಳದೆ ಬಿಟ್ಟ ನಿರ್ಧಾರಗಳಲ್ಲಿ: ಜಿತ್ರಾದಲ್ಲಿ ಕಾದದ್ದು, ಡಿಸೆಂಬರ್ 26ರಂದು ಒಪ್ಪದಿದ್ದದ್ದು, ಜಗಳವಾಡುವ ಇಬ್ಬರು ಕಮಾಂಡರುಗಳಲ್ಲಿ ಒಬ್ಬನನ್ನೂ ಬದಲಿಸದೆ ಇಬ್ಬರಿಗೂ ಪಾಲು ಕೊಟ್ಟು ತೂಗಿಸಿದ್ದು, ದಂಡೆಯನ್ನೆಲ್ಲ ಸಮನಾಗಿ ಹಂಚಿದ್ದು. ವಿಮಾನ, ಟ್ಯಾಂಕ್, ನೌಕಾಬಲ ಇಲ್ಲದ್ದಕ್ಕೆ ಲಂಡನ್ ಹೊಣೆ. ಅವಿಲ್ಲದೆ ಮಲಯಾವನ್ನು ಉಳಿಸಲು ಬಹುಶಃ ಯಾರಿಂದಲೂ ಆಗುತ್ತಿರಲಿಲ್ಲ. ಆದರೆ ಎಪ್ಪತ್ತೇ ದಿನದಲ್ಲಿ ಕಳೆದುಕೊಳ್ಳಬೇಕಾಗಿರಲಿಲ್ಲ.

ಸಹಿಯ ನಂತರ

ಬೆಲೆ ತೆತ್ತವರು ಬೇರೆಯವರು. ಸಿಂಗಾಪುರದ ಸಾವಿರಾರು ಚೀನೀ ಗಂಡಸರನ್ನು ಜಪಾನೀಯರು ಹುಡುಕಿ ಹುಡುಕಿ ಕೊಂದರು. ಭಾರತೀಯ ಸೈನಿಕರನ್ನು ಫೆಬ್ರುವರಿ 17ರಂದು ಫ್ಯಾರರ್ ಪಾರ್ಕ್ ಮೈದಾನದಲ್ಲಿ ಕಲೆಹಾಕಿ, ಬ್ರಿಟಿಷ್ ಅಧಿಕಾರಿಯೊಬ್ಬರು ಅವರನ್ನು ಜಪಾನೀಯರಿಗೆ ಒಪ್ಪಿಸಿದರು; ತಮ್ಮ ಸಾಹೇಬರು ಬೇರೆ ಕಡೆ ನಡೆದುಹೋದದ್ದನ್ನು ನಿಂತು ನೋಡಿದ ಆ ನಲವತ್ತು ಸಾವಿರ ಮಂದಿಯಲ್ಲಿ ಹಲವರು ಅಂದೇ ಕ್ಯಾಪ್ಟನ್ ಮೋಹನ್ ಸಿಂಗ್ ಕರೆಗೆ ಓಗೊಟ್ಟರು, ಆಜಾದ್ ಹಿಂದ್ ಫೌಜಿನ ಮೊದಲ ಸಾಲು ಅಲ್ಲಿ ಕೂಡಿತು. ಉಳಿದವರು ನ್ಯೂಗಿನಿಯವರೆಗಿನ ಕೂಲಿ ಶಿಬಿರಗಳಿಗೆ ಹೋದರು. ಬ್ರಿಟಿಷ್ ಮತ್ತು ಆಸ್ಟ್ರೇಲಿಯನ್ ಕೈದಿಗಳಲ್ಲಿ ಸಾವಿರಾರು ಜನ ಥಾಯ್ಲೆಂಡ್-ಬರ್ಮಾ ರೈಲುಹಾದಿಯಲ್ಲಿ ಸತ್ತರು.

ಜನರಲ್ ಕೂಡ ಸಿಂಗಾಪುರದ ಚಾಂಗಿ, ಫಾರ್ಮೋಸಾ (ಇಂದಿನ ತೈವಾನ್), ಮಂಚೂರಿಯಾಗಳಲ್ಲಿ ಮೂರೂವರೆ ವರ್ಷ ಕೈದಿಯಾಗಿದ್ದರು. 1945ರ ಸೆಪ್ಟೆಂಬರ್ 2ರಂದು ಟೋಕಿಯೊ ಕೊಲ್ಲಿಯಲ್ಲಿ ಮಿಸೌರಿ ಯುದ್ಧನೌಕೆಯ ಮೇಲೆ ಜಪಾನ್ ಶರಣಾಗುವಾಗ ಅಮೆರಿಕದ ಜನರಲ್ ಮೆಕಾರ್ಥರ್ ಬೆನ್ನಹಿಂದೆ ನಿಂತಿದ್ದ ಇಬ್ಬರು ಬಡಕಲು ಅಧಿಕಾರಿಗಳಲ್ಲಿ ಒಬ್ಬರು ಇವರೇ; ಸಹಿ ಮಾಡಿದ ಪೆನ್ನುಗಳಲ್ಲೊಂದನ್ನು ಮೆಕಾರ್ಥರ್ ಇವರ ಕೈಗೆ ಕೊಟ್ಟರು. ಮರುದಿನ ಫಿಲಿಪೀನ್ಸಿನ ಬಾಗಿಯೊದಲ್ಲಿ ಯಮಾಶಿತಾ ಶರಣಾದಾಗ ಅಲ್ಲಿಯೂ ಇದ್ದರು. ಇಂಗ್ಲೆಂಡಿಗೆ ಮರಳಿದ ಮೇಲೆ ಅವರ ದರ್ಜೆಯ ಅಧಿಕಾರಿಗಳಿಗೆ ಸಾಮಾನ್ಯವಾಗಿ ಸಿಗುವ ನೈಟ್ ಪದವಿ ಅವರಿಗೆ ಸಿಗಲಿಲ್ಲ. ಲೆಫ್ಟಿನೆಂಟ್ ಜನರಲ್ ಎಂಬ ಗೌರವದ ಹೆಸರು ಉಳಿಯಿತು, ಪಿಂಚಣಿ ಮೇಜರ್ ಜನರಲ್‌ನದ್ದು. ತಮ್ಮ ವರದಿಯನ್ನು 1948ರಲ್ಲಿ ಪ್ರಕಟಿಸಿದರು. ಅದರಲ್ಲಿ ಕೈಕೆಳಗಿನವರ ಮೇಲೆ ತಪ್ಪು ಹೊರಿಸಿ ತಾವು ಪಾರಾಗುವ ಪ್ರಯತ್ನ ಕಾಣುವುದಿಲ್ಲ.

ಉಳಿದ ವರ್ಷಗಳನ್ನು ಅವರು ದೂರಪ್ರಾಚ್ಯದ ಮಾಜಿ ಯುದ್ಧಕೈದಿಗಳ ಸಂಘದ ಕೆಲಸದಲ್ಲಿ ಕಳೆದರು. ಜಪಾನಿನಿಂದ ಪರಿಹಾರ ಕೊಡಿಸಬೇಕೆಂದು ಅವರಿಗಾಗಿ ಒತ್ತಾಯಿಸಿದರು, 1966ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಅವರ ಜೊತೆಗಿದ್ದರು. ಅವರ ಸಹಿಯಿಂದಲೇ ಸೆರೆಮನೆಗೆ ಹೋಗಿದ್ದ ಆ ಸೈನಿಕರು ಅವರನ್ನು ತಮ್ಮ ಸಂಘದ ಅಧ್ಯಕ್ಷರನ್ನಾಗಿ ಆರಿಸಿಕೊಂಡಿದ್ದರು.